ಇಪ್ಪತ್ತರ ಬಂದೂಕು

ಥರ್ಮನ್‌ಗೆ ದಪ್ಪ ನಳಿಗೆಯ ಹನ್ನೆರಡರ ಬಂದೂಕೇ ಆಗಬೇಕಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದರೂ ನನ್ನ ಗಂಡನ ಹಟಕ್ಕೆ ಮದ್ದು ನನಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ಅವನ ಬಲಭುಜದ ಮೂಳೆಯಿಂದ ಗಡ್ಡೆ ತೆಗೆದಿದ್ದರು. ಅದು ಬೇರೆ ಕಡೆಗೂ ಹಬ್ಬಿದೆ, ಮುಂದಿನ ಚಳಿಗಾಲ ನೋಡುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ ಈ ಮಹಾರಾಯ ಕೇಳಿದ್ದು ಒಂದೇ ಮಾತು: "ಈ ಚಳಿಗಾಲ ಬಾತು ಬೇಟೆಗೆ ಹೋಗಬಹುದಾ?"

ಡಾಕ್ಟರು ನನ್ನ ಮುಖ ನೋಡಿದರು. ಜೋರಾಗಿ ಒದೆಯುವ ಬಂದೂಕನ್ನು ಆ ಭುಜಕ್ಕೆ ಇಟ್ಟರೆ ಮೂಳೆ ಪುಡಿಯಾಗುತ್ತದೆ ಎಂದರು. ಅಲ್ಲಿಗೆ ಅವನ ಹಳೇ ಹನ್ನೆರಡರ ಬಂದೂಕಿನ ಕತೆ ಮುಗಿಯಿತು. ಸಾಯುವ ಮೊದಲು ತನ್ನ ಕೈಯಿಂದ ಒಂದು ಹಸಿರು ತಲೆಯ ಗಂಡು ಬಾತು ಬೀಳಬೇಕು, ಅಷ್ಟೇ ಅವನ ಆಸೆ. ಹೆಣ್ಣು ಬಾತನ್ನು ಹೊಡೆಯಲು ಕಾನೂನಿನ ಅಡ್ಡಿಯಿಲ್ಲ. ಆದರೂ ಅರ್ಕಾನ್ಸಾಸ್‌ನ ನಮ್ಮ ಭತ್ತದ ಸೀಮೆಯಲ್ಲಿ ಮಾನವಿದ್ದವನು ಕಂದು ಹೆಣ್ಣಿನತ್ತ ನಳಿಗೆ ತಿರುಗಿಸುವುದಿಲ್ಲ, ಮುಂದಿನ ವರ್ಷ ಮೊಟ್ಟೆ ಇಡುವವಳು ಅವಳೇ ತಾನೆ.

ಲೈಲ್ ಎಂಬ ಹುಡುಗನ ಬಂದೂಕಿನ ಅಂಗಡಿಗೆ ಹೋದೆವು. ಆಸ್ಪತ್ರೆಯವರು ನಮ್ಮಲ್ಲಿ ಬಿಟ್ಟಿದ್ದ ಹಣವೇ ಸ್ವಲ್ಪ. ಹಾಗಾಗಿ ಇಟಲಿಯ ಹೆಸರುವಾಸಿ ಬಂದೂಕುಗಳ ಸಾಲನ್ನು ದಾಟಿ, ಟರ್ಕಿಯಿಂದ ಬರುವ ಅಗ್ಗದ ಸೆಮಿ ಆಟೊಮ್ಯಾಟಿಕ್‌ಗಳ ಮುಂದೆ ನಿಂತೆವು.

"ಇದು ಹಗುರ ಇದೆ ಸರ್," ಎಂದು ಲೈಲ್ ಒಂದನ್ನು ಕೊಟ್ಟ. "ಕೆಸರು ನೀರಿಗೆಲ್ಲ ಜಗ್ಗಲ್ಲ. ಆದ್ರೆ ಚೆನ್ನಾಗಿ ಒದೆಯುತ್ತೆ."

"ಹಾಗಾದ್ರೆ ಬೇಡ, ಒಳಗಿಡು," ಎಂದೆ ನಾನು.

"ಹಾಗಾದ್ರೆ ಇದು. ತೋಟಾ ಸಿಡಿದ ಹೊಗೆಯಿಂದಲೇ ಒಳಗಿನ ಯಂತ್ರ ಓಡುತ್ತೆ, ಅರ್ಧ ಒದೆತ ತಾನೇ ನುಂಗಿಬಿಡುತ್ತೆ. ಸ್ವಲ್ಪ ಭಾರ ಅಷ್ಟೆ."

ಥರ್ಮನ್ ಅದನ್ನು ಎತ್ತಿ ಕೆನ್ನೆಗಿಟ್ಟ. ನಳಿಗೆ ಒಂದು ಗಳಿಗೆ ನಿಂತಿತು. ಆಮೇಲೆ ನಡುಗುತ್ತ, ಮೆಲ್ಲಗೆ ನೆಲದ ಕಡೆ ಬಾಗಿತು. ಅವನು ಹಲ್ಲು ಕಚ್ಚಿ ಮತ್ತೆ ಎತ್ತಿದ, ಅದು ಮತ್ತೆ ಬಾಗಿತು. ಲೈಲ್ ಆ ಕಡೆ ತಿರುಗಿ, ಸರಿಯಾಗಿಯೇ ಇದ್ದ ತೋಟಾ ಡಬ್ಬಿಗಳನ್ನು ಸರಿಮಾಡತೊಡಗಿದ. ಹಗುರವಾದದ್ದು ಒದೆಯುತ್ತದೆ, ಒದೆಯದೇ ಇರುವುದು ಎತ್ತಲಾಗುವುದಿಲ್ಲ.

"ಇಪ್ಪತ್ತರದು ನೋಡ್ತೀರಾ?" ಎಂದ ಲೈಲ್, ಹೆದರುತ್ತಲೇ. ನಂಬರು ಹೆಚ್ಚಿದಷ್ಟೂ ನಳಿಗೆ ಕಿರಿದು; ಇಪ್ಪತ್ತರದ್ದೆಂದರೆ ಸಣ್ಣ ನಳಿಗೆ, ಸಣ್ಣ ತೋಟಾ. ಹಗುರ, ಒದೆತವೂ ಕಮ್ಮಿ.

"ಅದು ಮಕ್ಕಳಾಟದ ಬಂದೂಕು," ಎಂದ ಥರ್ಮನ್. "ಅದನ್ನ ಹಿಡ್ಕೊಂಡು ಹೋದ್ರೆ ಹಾಲಿಸ್ ನನ್ನ ಬದುಕೋಕೆ ಬಿಡ್ತಾನಾ?"

ಹಾಲಿಸ್ ಅವನ ಬೇಟೆಯ ಜೊತೆಗಾರ. ಬದುಕುವ ಮಾತು ಥರ್ಮನ್ ಬಾಯಲ್ಲಿ ಕೇಳಿ ನನಗೆ ಪಿತ್ತ ನೆತ್ತಿಗೇರಿತು. "ನಿನಗೆ ಯಾರು ಕೊಡಿಸ್ತಿದ್ದಾರೆ ಮಾರಾಯ? ಅದು ನನಗೆ. ಲೈಲ್, ನನ್ನ ಹೆಸರಲ್ಲಿ ಬರಿ. ಬೇಕಿದ್ರೆ ಯಾವತ್ತಾದ್ರೂ ಇವನಿಗೆ ಎರವಲು ಕೊಡ್ತೀನಿ."

ಇಪ್ಪತ್ತರದ್ದನ್ನೇ ತಂದೆವು. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಥರ್ಮನ್ ಅದರಿಂದ ಬಣ್ಣದ ಖಾಲಿ ಡಬ್ಬಕ್ಕೆ ಗುರಿಯಿಟ್ಟು ಹೊಡೆದ. ಡಬ್ಬ ಹಾರಿತು.

"ಒದೀತಾ?" ಎಂದೆ.

"ಬೆಕ್ಕು ಮೈ ಉಜ್ಜಿದ ಹಾಗಿತ್ತು," ಎಂದು ನಕ್ಕ. ಆಪರೇಷನ್ ಆದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು.

ಬೇಟೆಯ ಕಾಲ ಶುರುವಾದ ದಿನ ನಾನೂ ಹೋದೆ. ನೀರು ಕಟ್ಟಿದ ಗದ್ದೆಯ ಬದುವಿನಲ್ಲಿ, ಬಾತುಗಳಿಗೆ ಕಾಣದಂತೆ ಅಡಗಿ ಕೂರಲು ಹೂತ ಕಬ್ಬಿಣದ ಗುಂಡಿಗೆ ಅವನನ್ನು ಇಳಿಸಲು ಒಬ್ಬರ ಕೈ ಸಾಲುತ್ತಿರಲಿಲ್ಲ. ಹಾಲಿಸ್ ಆಗಲೇ ಒಳಗಿದ್ದ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು.

"ಏನೋ, ಹೆಂಡ್ತಿ ಬಂದೂಕು ತಂದಿದೀಯ? ಅವಳ ಪರ್ಸ್ ಎಲ್ಲಿ ಬಿಟ್ಟೆ?"

"ಪರ್ಸ್ ಖಾಲಿ ಮಾಡಿಯೇ ಇದನ್ನ ತಂದಿದ್ದು ಕಣೋ."

ಹಾಲಿಸ್ ಬಿದ್ದು ಬಿದ್ದು ನಕ್ಕ. ಕಾಫಿ ಕುಡಿದೆವು, ನಾನು ತಂದಿದ್ದ ಸಾಸೇಜ್ ರೊಟ್ಟಿ ತಿಂದೆವು. ಥರ್ಮನ್ ಅರ್ಧ ತಿಂದು ಉಳಿದದ್ದನ್ನು ಜೇಬಿಗೆ ಸೇರಿಸಿದ, ನಾನು ನೋಡಲಿಲ್ಲ ಅಂದುಕೊಂಡು.

ಬಿಸಿಲು ಚೆನ್ನಾಗಿ ಏರಿದ ಮೇಲೆ ಒಂದು ಜೋಡಿ ಬಾತು ಬಂತು. ಹಾಲಿಸ್ ಬಾತಿನ ದನಿಯ ಪೀಪಿ ಊದಿ ಕರೆದ. ಎರಡೂ ಒಮ್ಮೆ ಸುತ್ತು ಹಾಕಿ, ರೆಕ್ಕೆ ಬಾಗಿಸಿ, ಕಾಲು ಇಳಿಬಿಟ್ಟು ನಮ್ಮ ಮುಂದೆಯೇ ಇಳಿಯತೊಡಗಿದವು. ಥರ್ಮನ್ ಎದ್ದ. ಬಂದೂಕು ಕೆನ್ನೆಗೆ ಬಂತು. ನಳಿಗೆ ಅಲುಗಲಿಲ್ಲ. ನನ್ನ ಬಂಗಾರದಂಥ ಇಪ್ಪತ್ತರ ಬಂದೂಕು. ಆದರೆ ಅವನು ಹೊಡೆಯಲಿಲ್ಲ.

"ನೆಲ್ಡಾ," ಎಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಯಾವುದು ಹಸಿರು?"

ಅರ್ಧ ಮೈಲಿ ದೂರದಿಂದಲೇ ಗಂಡು ಹೆಣ್ಣು ಹೇಳುತ್ತಿದ್ದವನು. ಕಾಯಿಲೆ ಕಣ್ಣಿಗೂ ಹೋಗಿತ್ತು, ನನಗೆ ಹೇಳಿರಲಿಲ್ಲ. ನಾನು ಅಂಗಡಿಯಲ್ಲಿ ಹುಡುಕಿ ಭುಜಕ್ಕೆ ಬಂದೂಕು ತಂದೆ, ಕಣ್ಣಿಗೆ ಎಲ್ಲಿಂದ ತರಲಿ?

"ಎಡಗಡೆದು," ಎಂದೆ.

ಹೊಡೆದ. ಅಷ್ಟರಲ್ಲಿ ಎರಡೂ ಒಂದನ್ನೊಂದು ದಾಟಿದ್ದವು. ಒಂದು ನೀರಿಗೆ ಬಿತ್ತು, ಇನ್ನೊಂದು ಹಸಿರು ತಲೆ ಮಿನುಗಿಸುತ್ತ ಹಾರಿಹೋಯಿತು. ಹಾಲಿಸ್ ಗದ್ದೆಗಿಳಿದು ಬಿದ್ದ ಹಕ್ಕಿಯನ್ನು ತಂದ. ಕಂದು ಹೆಣ್ಣು. ಅವನು ಬಾಯಿ ತೆರೆದವನು ನನ್ನ ಮುಖ ನೋಡಿದ. ನಾನು ಹೇಳಬೇಡವೆಂದು ತಲೆ ಅಲ್ಲಾಡಿಸಿದೆ.

"ಸಿಕ್ಕಿತಾ?" ಎಂದ ಥರ್ಮನ್. "ಹಸಿರಾ?"

"ಹಸಿರೇ," ಎಂದೆ.

"ಹಸಿರು ಕಣೋ," ಎಂದ ಹಾಲಿಸ್. "ಇಂಥದ್ದು ಈ ಗದ್ದೆಗೆ ಬಂದು ಯಾವ ಕಾಲ ಆಯ್ತೋ."

ಥರ್ಮನ್ ಹಕ್ಕಿಯನ್ನು ಮಡಿಲಿಗೆ ತೆಗೆದುಕೊಂಡ. ತಲೆ ನೇವರಿಸಿದ, ಬೆನ್ನು ನೇವರಿಸಿದ, ಹೆಬ್ಬೆರಳು ಬಾಲದ ಮೇಲೆ ನಿಂತಿತು. ಗಂಡಿನ ಬಾಲದಲ್ಲಿ ಕಪ್ಪು ಗರಿಗಳು ಕೊಕ್ಕೆಯಂತೆ ಮೇಲಕ್ಕೆ ಸುರುಳಿ ಸುತ್ತಿರುತ್ತವೆ, ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತವೆ. ಅವನ ಬೆರಳು ಹುಡುಕಿತು. ಹಿಂದಕ್ಕೆ ಬಂದು ಇನ್ನೊಮ್ಮೆ ಹುಡುಕಿತು. ಬಾಲ ಚಪ್ಪಟೆಯಾಗಿತ್ತು.



"ಒಳ್ಳೇ ಗಂಡು," ಎಂದ ಅವನು. "ನೀನು ಸರಿಯಾಗೇ ಹೇಳ್ದೆ, ನೆಲ್ಡಾ."

ಹಾಲಿಸ್ ಗುಂಡಿಯ ಮೂಲೆಯಲ್ಲಿ ಕಬ್ಬಿಣಕ್ಕೆ ಮುಖ ಮಾಡಿ ಅಳುತ್ತಿದ್ದ. ನನಗೂ ತಡೆಯಲಾಗಲಿಲ್ಲ. ಥರ್ಮನ್ ಮಾತ್ರ ನಮ್ಮಿಬ್ಬರ ಮಾನ ಉಳಿಸಲೆಂದು ಆ ಕಂದು ಹಕ್ಕಿಯನ್ನು ಬಿಸಿಲಿಗೆ ಹಿಡಿದು, ಅದರ ತಲೆ ಎಂಥ ಹಸಿರು ಎಂದು ಹೊಗಳುತ್ತಲೇ ಇದ್ದ.