ಇಪ್ಪತ್ತು ಕಾಲಿನ ಮೈಲಪ್ಪ

ಹರಿಹರದ ಬಸ್ ನಿಲ್ದಾಣದ ಹತ್ತಿರ ಸರ್ವಮಂಗಳಮ್ಮನವರ ದೋಸೆ ಹೋಟೆಲಿತ್ತು. ಗಲ್ಲಾ ಬೀದಿ ಕಡೆ, ಅಡುಗೆಮನೆ ಹಿತ್ತಿಲ ಕಡೆ. ನಡುವೆ ಎಪ್ಪತ್ತು ಅಡಿ ಉದ್ದದ ಪಡಸಾಲೆ. ಗಲ್ಲಾದಲ್ಲಿ ಅಮ್ಮ ‘ಎರಡು’ ಅಂದರೆ, ಮಧ್ಯದಲ್ಲಿ ನಿಂತ ಮೈಲಪ್ಪ ಅದನ್ನೇ ಗಂಟಲು ಹರಿಯುವಂತೆ ಕೂಗಿ ಒಳಗೆ ಮುಟ್ಟಿಸುತ್ತಿದ್ದ. ಹದಿನೆಂಟು ವರ್ಷದಿಂದ ಅವನಿಗೆ ಅದೇ ಕೆಲಸ, ಅದೇ ಅನ್ನ.

೧೯೮೪ರಲ್ಲಿ ಅಮ್ಮನಿಗೆ ಆ ಕೂಗು ಸಾಕಾಯಿತು. ದಾವಣಗೆರೆಯ ಆನೆಕೊಂಡದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನನ್ನನ್ನು ಕರೆಸಿದರು. ಗಲ್ಲಾದಲ್ಲಿ ಗುಂಡಿ ಒತ್ತಿದರೆ ಒಲೆಯ ಹತ್ತಿರ ಕೆಂಪು ಅಂಕಿ ಬೆಳಗಬೇಕು ಅಂದರು. ಮಾಡಿದೆ. ನನ್ನ ಮೇಜಿನ ಮೇಲೆ, ಮೊಳದುದ್ದದ ತಂತಿಯಲ್ಲಿ, ಚೆನ್ನಾಗಿಯೇ ಇತ್ತು. ಹೋಟೆಲಿನಲ್ಲಿ ತಂತಿ ಎಪ್ಪತ್ತು ಅಡಿ ಎಳೆದೆ. ರುಬ್ಬುವ ಯಂತ್ರ ತಿರುಗಿದ್ದೇ ತಡ, ಎರಡು ಒತ್ತಿದರೆ ಆರು ಬಂತು.

“ಗೌಸ್ ಪೀರಾ, ನಿನ್ನ ಪೆಟ್ಟಿಗೆ ಒಳಗೆ ಬಕಾಸುರ ಕುಂತಾನೇನೋ?”

“ತಪ್ಪು ನಂದೇ ಅಮ್ಮಾರೆ. ಅಷ್ಟು ದೂರ ಹೋಗೋದ್ರಾಗೆ ಸಿಗ್ನಲ್ಲು ಸುಸ್ತಾಗ್ತತಿ. ಲೈನ್ ಡ್ರೈವರ್ ಅಂತ ಒಂದು ಚಿಪ್ ಐತೆ. ಕೇಳಿದ್ದನ್ನ ಬದಲಾಯಿಸಲ್ಲ, ಜೋರು ಮಾಡಿ ಮುಂದಕ್ಕೆ ದಾಟಿಸ್ತತಿ. ಥೇಟ್ ನಮ್ಮ ಮೈಲಪ್ಪ.”

ಬೆಂಗಳೂರಿನಿಂದ ಚಿಪ್ ತರಿಸಿ, ಅದರ ತಂತಿಕಾಲುಗಳನ್ನು ಗಲ್ಲಾದ ಪೆಟ್ಟಿಗೆಯ ಸಾಕೆಟ್ಟಿಗೆ ಒತ್ತಿ ಕೂರಿಸಿದೆ. ಯಂತ್ರ ಎಷ್ಟು ಗುರುಗುಟ್ಟಿದರೂ ಎರಡು ಎರಡೇ.

“ಹಂಗಾದ್ರೆ ಸೋಮವಾರದಿಂದ ಮೈಲಪ್ಪ ಬರಾದು ಬ್ಯಾಡ,” ಅಂದರು ಅಮ್ಮ.

ನನ್ನ ಹಾಳು ಬಾಯಿ. ಮೈಲಪ್ಪ ಬಗ್ಗಿ ಚಿಪ್ಪನ್ನೇ ನೋಡಿದ.

“ಇದಕ್ಕೆ ಗಂಟಲೇ ಇಲ್ವಲ್ಲ ಗೌಸಣ್ಣ.”

“ಕಾಲು ಅದಾವು. ಇಪ್ಪತ್ತು.”

“ನಂಗೆ ಎರಡೇ. ಅದಕ್ಕೇ ಸೋತೆ ಬಿಡು.”

ಭಾನುವಾರ ಮತ್ತೆ ಕರೆ ಬಂತು: ಈಗ ಅಂಕಿಯೇ ಬೆಳಗುತ್ತಿಲ್ಲ. ಉರಿಯುತ್ತಾ ಬಸ್ ಹತ್ತಿ ಹೋದೆ. ಪೆಟ್ಟಿಗೆ ಬಿಚ್ಚಿದರೆ ಚಿಪ್ ಇಲ್ಲ. ಅದರ ಜಾಗದಲ್ಲಿ ಅರ್ಧ ಅಡಿಕೆ ಹೋಳು. ಉಳಿದರ್ಧ ಮೈಲಪ್ಪನ ದವಡೆಯಲ್ಲಿತ್ತು. ಹಿತ್ತಿಲಿಗೆ ಎಳೆದುಕೊಂಡು ಹೋದೆ.

“ಕಳ್ಳ ನನ್ಮಗನೆ, ತೆಗಿ.”

ವೀಳ್ಯದೆಲೆಯಲ್ಲಿ ಸುತ್ತಿಟ್ಟಿದ್ದನ್ನು ಸಂಚಿಯಿಂದ ತೆಗೆದುಕೊಟ್ಟ. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಒಂದು ಕಾಲೂ ಸೊಟ್ಟಗಾಗಿರಲಿಲ್ಲ. ನಾನು ಕಿತ್ತರೆ ಎರಡಾದರೂ ಬಾಗುತ್ತವೆ.

“ಯಾವುದ್ರಾಗೆ ಕಿತ್ತೆ?”

“ದೋಸೆ ಎಬ್ಬಿಸೋ ಸಟ್ಟುಗ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಅವಸರ ಮಾಡಿದ್ರೆ ದೋಸೆನೂ ಹರಿತತಿ.”

ಒಳಗೆ ಬಂದು ಅಮ್ಮನ ಮುಂದೆ ನಿಂತೆ.

“ಅಮ್ಮಾರೆ, ಎಣ್ಣೆ ಹೊಗೆಗೆ ಚಿಪ್ಪಿನ ಕಾಲು ಜಿಡ್ಡು ಹಿಡಿತಾವೆ. ದಿನಾ ಕಿತ್ತು ಒರೆಸಿ ಹಾಕ್ಬೇಕು. ಒಂದು ಕಾಲು ಮುರಿದ್ರೆ ಮತ್ತೆ ಬೆಂಗಳೂರೇ ಗತಿ. ಆ ಕೈ ಇಡೀ ಹರಿಹರದಾಗೆ ಒಬ್ಬಂಗೇ ಐತೆ.”

“ಯಾರಿಗೆ?”

“ಮೈಲಪ್ಪಂಗೆ.”

ಪೆಟ್ಟಿಗೆಯಲ್ಲೇ ಉಳಿದಿದ್ದ ಅಡಿಕೆ ಹೋಳನ್ನು ಅಮ್ಮ ಎತ್ತಿ ನನ್ನ ಅಂಗೈಗೆ ಹಾಕಿದರು.

“ಹಂಗಾದ್ರೆ ಗುಂಡಿನೂ ಅವನೇ ಒತ್ಲಿ. ನನ್ನ ಬೆರಳು ನೋಯ್ತಾವೆ.”

ಸೋಮವಾರ ಮೈಲಪ್ಪ ಒಗೆದ ಅಂಗಿ ಹಾಕಿಕೊಂಡು ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಮೊದಲ ಗಿರಾಕಿ ಎರಡು ದೋಸೆ ಕೇಳಿದ. ಮೈಲಪ್ಪ ಎರಡು ಒತ್ತಿದ. ಒಳಗೆ ಎರಡು ಬೆಳಗಿತು. ಆದರೆ ಹದಿನೆಂಟು ವರ್ಷದ ಗಂಟಲು ಕೇಳಬೇಕಲ್ಲ.

“ಎರಡೂ...” ಅಂತ ಕೂಗಿಯೂ ಬಿಟ್ಟ.

ಅಡುಗೆಯವನು ಎರಡಕ್ಕೂ ಮರ್ಯಾದೆ ಕೊಟ್ಟ. ನಾಲ್ಕು ದೋಸೆ ಬಂದವು.

ಅಮ್ಮ ಮೈಲಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ನಾನು ಹೆಚ್ಚಾಗಿದ್ದ ಎರಡು ತಟ್ಟೆಗಳನ್ನು ನನ್ನ ಮುಂದಕ್ಕೆ ಎಳೆದುಕೊಂಡು, ತಲೆ ಎತ್ತದೆ ತಿನ್ನತೊಡಗಿದೆ.