ಷಿಕಾಗೋಗೆ ಕಳಿಸಿದ ಸರ್ಕಾರ

ಶುಕ್ರವಾರ ಸಂಜೆ ಒಲೆಯ ಮೇಲೆ ಸೊಪ್ಪು ಬೇಯಲಿಟ್ಟು ಲವಾನ್ ಮಗಳ ಜಡೆ ಹೆಣೆಯುತ್ತಿದ್ದಳು. ಕೆಜಿಯಾ ಮಡಿಲಲ್ಲಿದ್ದ ಹಾಳೆಯನ್ನು ಮಡಚುತ್ತಾ ಬಿಚ್ಚುತ್ತಾ ಕುಳಿತಿದ್ದಳು.

“ಏನಾಯ್ತೇ?”

“ನಾಳೆ ಚರ್ಚಾಸ್ಪರ್ಧೆ. ನಾಣ್ಯ ಚಿಮ್ಮಿದ್ರು, ನಂಗೆ ವಿರೋಧದ ಕಡೆ ಬಂತು.”

ಕಾಲೇಜು ಪ್ರವೇಶದಲ್ಲಿ ತಮ್ಮಂಥ ಕಪ್ಪು ಜನರಿಗೆ ಆದ್ಯತೆ ಬೇಕೆ ಎಂಬುದು ವಿಷಯ. ಯಾರು ಏನು ನಂಬುತ್ತಾರೆಂದು ಆ ಸ್ಪರ್ಧೆಯಲ್ಲಿ ಕೇಳುವುದಿಲ್ಲ. ನಾಣ್ಯ ಹೇಳಿದ ಕಡೆಗೇ ವಾದಿಸಬೇಕು.

“ಕೇಳೋಕೆ ಬರೋ ಅಜ್ಜಿ ಎದುರಿಗೆ ನಿಂತ್ಕೊಂಡು ಬೇಡ ಅಂತ ಹೇಗಮ್ಮ ಹೇಳ್ಲಿ? ಎಷ್ಟು ನೊಂದ್ಕೋತಾಳೋ. ಹುಷಾರಿಲ್ಲ ಅಂತ ತಪ್ಪಿಸ್ಕೊಳ್ಲಾ?”

ಅಷ್ಟರಲ್ಲಿ ಲವಾನ್‌ಳ ತಾಯಿ ಒಡೆಸಾ ಬಾಗಿಲಲ್ಲಿ ಕಾಣಿಸಿಕೊಂಡಳು. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಶಾಲೆಗಳಲ್ಲಿ ಜೀವನವಿಡೀ ಪುಸ್ತಕ ಕಾಯ್ದ ಗ್ರಂಥಪಾಲಕಿ ಅವಳು.

“ನನ್ನ ಮಂಡಿ ಹೋಗಿದೆ, ಕಿವಿ ಹೋಗಿಲ್ಲ. ಮೊದಲ್ನೇ ಮಾತು ಏನು ಬರ್ದಿದೀಯಾ, ಹೇಳು.”

“ಸರ್ಕಾರ ಬಣ್ಣ ನೋಡಿ ಯಾರಿಗೂ ಏನೂ ಕೊಡಬಾರದು.”

ಒಡೆಸಾ ನಕ್ಕಳು. “ನಂಗೆ ಕೊಟ್ಟಿತ್ತಲ್ಲ. ಷಿಕಾಗೋದಲ್ಲಿ ಓದೋಕೆ ಫೀಸು, ರೈಲು ಚಾರ್ಜು ಎಲ್ಲಾ ಈ ಅಲಬಾಮಾ ಸರ್ಕಾರದ್ದೇ.”

“ಆ ಕಾಲದಲ್ಲಿ? ಕಪ್ಪು ಹುಡುಗಿಗೆ? ಯಾಕೆ?”

“ಆಗ ಇಲ್ಲಿನ ವಿಶ್ವವಿದ್ಯಾಲಯ ಬಿಳಿಯರಿಗೆ ಮಾತ್ರ. ಅದರ ಬಾಗಿಲು ನಾವು ತಟ್ಟಬಾರ್ದು ಅಂತ. ಬಿಳಿಯರ ಪಕ್ಕ ಕೂರ್ಸೋದಕ್ಕಿಂತ ರೈಲು ಹತ್ಸೋದೇ ವಾಸಿ ಅನ್ಸಿತ್ತು ಅವ್ರಿಗೆ.”

ಲವಾನ್‌ಳ ಕೈ ನಿಂತಿತು. ಅಮ್ಮ ಷಿಕಾಗೋದಲ್ಲಿ ಓದಿದವಳೆಂದು ಹೆಮ್ಮೆಯಿಂದ ಹೇಳಿಕೊಂಡು ಬೆಳೆದವಳು ಅವಳು. ಇಲ್ಲೇ ಯಾಕೆ ಓದಲಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ.

“ಬಣ್ಣ ನೋಡಿ ಕೊಟ್ಟಿದ್ದು ತಪ್ಪೇ ತಾನೇ ಅಜ್ಜಿ? ಹಾಗಾದ್ರೆ ಇದು ನನ್ನ ವಾದಕ್ಕೇ ಬರುತ್ತೆ.”

“ಬರುತ್ತೆ. ಆ ಕಡೆಯವ್ರಿಗೂ ಬರುತ್ತೆ. ಹೊರಗಿಡೋಕೆ ಅಷ್ಟು ವರ್ಷ ಬಣ್ಣ ನೋಡಿದ್ರಲ್ಲ, ಒಳಗೆ ಕರೆಯೋವಾಗ ಮಾತ್ರ ಕಣ್ಣು ಮುಚ್ಕೋಬೇಕಾ ಅಂತಾರೆ. ಆಗೇನಂತೀಯಾ?”

ಕೆಜಿಯಾ ಆ ಪ್ರಶ್ನೆಯನ್ನು ಹಾಳೆಯಂಚಿನಲ್ಲಿ ಬರೆದುಕೊಂಡಳು. “ಷಿಕಾಗೋ ಇಷ್ಟ ಆಯ್ತಾ ನಿಂಗೆ?”

“ತುಂಬಾ. ಆ ಸರೋವರ, ಆ ಸಂಗೀತ... ನಿಮ್ಮ ತಾತ ಸಿಕ್ಕಿದ್ದೂ ಅಲ್ಲೇ.”

“ಇಲ್ಲೇ ಸೀಟು ಕೊಟ್ಟಿದ್ರೆ?”

“ಇಲ್ಲೇ ಇರ್ತಿದ್ದೆ,” ಎಂದಳು ಒಡೆಸಾ. “ನಾನು ಷಿಕಾಗೋದಲ್ಲಿದ್ದ ಚಳಿಗಾಲ ನಮ್ಮಮ್ಮ ಇಲ್ಲಿ ಹಾಸಿಗೆ ಹಿಡಿದ್ಲು. ನಾನು ಬಂದು ಮುಟ್ಟೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.”

ಲವಾನ್ ಎದ್ದು ಉರಿ ಸಣ್ಣಗೆ ಮಾಡಿ ಬಂದು ಕುಳಿತಳು.

“ನಾಳೆ ಇದನ್ನ ಹೇಳ್ಲಾ ಅಜ್ಜಿ?” ಕೆಜಿಯಾಳ ದನಿ ತಗ್ಗಿತ್ತು.

“ಹೇಳು. ಆದ್ರೆ ನಿನ್ನ ಕಡೆ ಬಿಟ್ಕೊಡ್ಬೇಡ. ನೀನೇ ತಪ್ಪಿಸ್ಕೊಂಡ್ರೆ ನಾನು ಯಾರ ಮಾತು ಕೇಳೋಕೆ ಬರ್ಲಿ?”

“ಅಕಸ್ಮಾತ್ ನಾನೇ ಗೆದ್ರೆ?”

“ಗೆಲ್ಲು. ವಾಪಸ್ ಬರ್ತಾ ಕಾರಲ್ಲಿ ನಾನು ಆ ಕಡೆಯವಳಾಗ್ತೀನಿ. ಮನೆ ಮುಟ್ಟೋ ಹೊತ್ತಿಗೆ ಯಾರು ಗೆದ್ದಿರ್ತಾರೋ ನೋಡೋಣ.”