ದೇಚವ್ವ ಆರಿಸಿದ ಇಪ್ಪತ್ತು ಬೋರು

ನಾನು ಒಂದು ಜೋಡುನಳಿಗೆಯ ಕೋವಿ, ಇಪ್ಪತ್ತು ಬೋರಿನದು. ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು. ಹಾಗಾಗಿ ಹನ್ನೆರಡು ಬೋರಿನ ಅಣ್ಣಂದಿರ ನಡುವೆ ನಾನು ಸಣಕಲು. ದೂರದ ಕಾರ್ಖಾನೆಯೊಂದರಲ್ಲಿ ಉಕ್ಕು ಕಾಯಿಸಿ, ಅಕ್ರೋಟಿನ ಮರ ಕೆತ್ತಿ ನನ್ನನ್ನು ಮಾಡಿದರು. ಮೈಸೂರಿನ ಅಂಗಡಿಯಲ್ಲಿ ಎರಡು ವರ್ಷ ಯಾರೂ ನನ್ನನ್ನು ಕೇಳಲಿಲ್ಲ.

ಒಂದು ಬೆಳಿಗ್ಗೆ ಕೊಡಗಿನಿಂದ ನಿವೃತ್ತ ಸುಬೇದಾರ್ ಬೆಳ್ಯಪ್ಪ ಬಂದರು, ಜೊತೆಗೆ ಹೆಂಡತಿ ದೇಚವ್ವ. ಗೌಜಲಕ್ಕಿ ಬೇಟೆಗೆ ಕೋವಿ ಬೇಕಿತ್ತು.

“ಹನ್ನೆರಡೇ ತಗೊಳ್ಳಿ ಸಾಹೇಬ್ರೆ. ಇಪ್ಪತ್ತು ಹೆಂಗಸ್ರ ಕೋವಿ,” ಎಂದ ಅಂಗಡಿಯವನು.

ಬೆಳ್ಯಪ್ಪ ಹನ್ನೆರಡನ್ನು ಬಲಭುಜಕ್ಕೆ ಏರಿಸಿದರು. ಯುದ್ಧದಲ್ಲಿ ಮುರಿದು ಕೂಡಿದ್ದ ಭುಜ. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ, ಮೇಲ್ದುಟಿಯ ಮೇಲೆ ಮಾತ್ರ ಬೆವರು ಮೂಡಿತು. ದಿನವೂ ಆ ಭುಜಕ್ಕೆ ಎಣ್ಣೆ ತಿಕ್ಕುವ ದೇಚವ್ವನಿಗೆ ಅಷ್ಟು ಸಾಕಾಯಿತು.

“ಹೆಂಗಸ್ರದ್ದಾದ್ರೆ ನನಗೇ ಕೊಡಿ. ಒಂದು ಕೋವಿ ಕೊಡಿಸಿ ಅಂತ ಎಷ್ಟು ದಿನದಿಂದ ಇವರನ್ನ ಕೇಳ್ತಾ ಇದ್ದೀನಿ,” ಎಂದರು.

ಒಮ್ಮೆಯೂ ಕೇಳಿರಲಿಲ್ಲ. ಬೆಳ್ಯಪ್ಪ ಹೆಂಡತಿಯ ಮುಖ ನೋಡಿ, ಹನ್ನೆರಡನ್ನು ಕೆಳಗಿಟ್ಟರು.

ಆ ಚಳಿಗಾಲದಿಂದ ಬಾಣೆಗಳಲ್ಲಿ, ಆ ಹುಲ್ಲಿನ ಇಳಿಜಾರುಗಳಲ್ಲಿ, ಬೆಳ್ಯಪ್ಪನ ಜೊತೆ ಅಲೆದೆ. ಗುಂಡು ಹಾರಿದಾಗ ನನ್ನ ಒದೆತ ಮೆದು, ಅವರ ಭುಜ ತಡೆದುಕೊಂಡಿತು. ಗೆಳೆಯರು ಕೇಳಿದರೆ, “ಹೆಂಡತೀದು. ನನ್ನದು ರಿಪೇರಿಗೆ ಹೋಗಿದೆ,” ಎನ್ನುತ್ತಿದ್ದರು. ರಿಪೇರಿ ಮೂರು ವರ್ಷ ನಡೆಯಿತು.

ನಾಲ್ಕನೆಯ ವರ್ಷ ನೆರೆಮನೆಯ ಕಾಳಯ್ಯ ನಗುತ್ತ ಕೇಳಿದ, “ಸುಬೇದಾರ್ರೇ, ನಿಮ್ಮ ಕೋವಿ ಇನ್ನೂ ಬಂದಿಲ್ವಾ?”

ಆಗತಾನೇ ಎರಡು ಗುಂಡಿಗೆ ಎರಡು ಹಕ್ಕಿ ಕೆಡವಿದ್ದ ಬೆಳ್ಯಪ್ಪ ನನ್ನ ಮೈ ಒರೆಸುತ್ತ ಹೇಳಿದರು: “ಇದೇ ನನ್ನ ಕೋವಿ ಮಾರಾಯ. ಭುಜ ಹೋಗಿ ಎಷ್ಟೋ ವರ್ಷ ಆಯ್ತು. ನನ್ನ ಮಾನ ಉಳಿಸೋಕೆ ಅವಳು ತನ್ನದು ಅಂದಳು.”

ಕಾಳಯ್ಯನ ನಗು ನಿಂತಿತು. ತಾನು ಹೊಡೆದ ಹಕ್ಕಿಯನ್ನೂ ಅವರ ಚೀಲಕ್ಕೆ ಹಾಕಿ, “ದೇಚಕ್ಕನಿಗೆ ಕೊಡಿ,” ಎಂದ.

ಮುಂದೆ ಬೇಟೆಗೆ ಕಾನೂನು ಅಡ್ಡ ಬಂತು. ಬೆಳ್ಯಪ್ಪ ಗೊಣಗಲಿಲ್ಲ. ಅವರ ತೋಳು ಪೂರ್ತಿ ಸೋತ ಮೇಲೆ ದೇಚವ್ವನೇ ನನ್ನನ್ನು ಹೆಗಲಿಗೇರಿಸಿಕೊಂಡು, ಗುಂಡು ತುಂಬದೆ, ಗಂಡನೊಡನೆ ಬಾಣೆಗೆ ನಡೆಯುತ್ತಿದ್ದರು.

ಈಗ ಇಬ್ಬರೂ ಇಲ್ಲ. ಬೆಳ್ಯಪ್ಪನ ತಮ್ಮನ ಮಗಳು ನೀಲಮ್ಮನ ಬೀರುವಿನಲ್ಲಿ ಎಣ್ಣೆಬಟ್ಟೆ ಸುತ್ತಿಕೊಂಡು ಮಲಗಿದ್ದೇನೆ. ಎಷ್ಟು ಹಕ್ಕಿ ಬಿದ್ದವೋ ಮರೆತಿದ್ದೇನೆ, ಅದರ ಹೆಮ್ಮೆಯೂ ಉಳಿದಿಲ್ಲ. ಮಂಜು ಬಿಡುವ ಹೊತ್ತಿನ ಆ ಇಳಿಜಾರು ಮಾತ್ರ ನೆನಪಿದೆ. ಹುಲ್ಲಿನಿಂದ ಗೌಜಲಕ್ಕಿ ಬುರ್ರನೆ ಏಳುತ್ತಿತ್ತು. ಎಲ್ಲಿ ಇಳಿಯಿತೆಂದು ಇಬ್ಬರಿಗೂ ವಾದ. “ಆ ಕಲ್ಲಿನ ಹಿಂದೆ,” ಎನ್ನುವರು ಬೆಳ್ಯಪ್ಪ. “ಇಲ್ಲ, ಪೊದೆ ಈಚೆ,” ಎನ್ನುವರು ದೇಚವ್ವ.

ನಾನು ನೋಡಿರುತ್ತಿದ್ದೆ. ಇಬ್ಬರೂ ಹೇಳುತ್ತಿದ್ದುದು ತಪ್ಪು.